ಬಿಸಿಲಿಗೆ ಒಂದು ಗೇಣು

ಕಳೆದ ತಿಂಗಳು ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಹಾಕಿದ್ದೆ. ಧರ್ಮಪುರಿ ಜಿಲ್ಲೆಯ ಪಾಲಕ್ಕೋಡಿನ ಹತ್ತಿರ ಒಂದು ಮಾವಿನ ತೋಟ, ನನ್ನ ಕೈಯಲ್ಲಿ ಅರಿವಳಿಕೆ ಕೋವಿ, ಕೋವಿಯ ಮೇಲೆ ಸ್ಕೋಪು, ಸ್ಕೋಪಿನ ಮೂತಿಗೆ ಒಂದು ಕಪ್ಪು ಕೊಳವೆ. ಹತ್ತು ನಿಮಿಷದೊಳಗೆ ಮೂಡಿಗೆರೆಯ ಮಾಮ ಕೇಳಿದರು: "ಇದೆಂತದ್ದು, ಸೈಲೆನ್ಸರಾ?" ದುಬೈಯಲ್ಲಿರುವ ಕಾಕನ ಮಗ, "ಅಲ್ಲ ಮಾಮ, ಸ್ನೈಪರ್‌ನವರು ಹಾಕುವುದು, ಸಿನಿಮಾದಲ್ಲಿ ನೋಡಿಲ್ವಾ" ಎಂದು ವಿವರಣೆ ಕೊಟ್ಟ. ಉಮ್ಮ ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ರಾತ್ರಿ ಫೋನ್ ಮಾಡಿ, "ದನದ ಡಾಕ್ಟರಿಗೆ ಕೋವಿ ಯಾಕೆ? ಅದರ ಮೇಲೆ ಆ ದುರ್ಬೀನು ಯಾಕೆ?" ಎಂದು ಕೇಳಿದರು.

ಮೂವರಿಗೂ ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಪಶುವೈದ್ಯಕೀಯ ಓದುವ ಆಸೆ ಇರುವ ಮಕ್ಕಳು ನಮ್ಮ ಮನೆಗಳಲ್ಲಿ ಈಗ ಒಬ್ಬಿಬ್ಬರಾದರೂ ಇದ್ದಾರೆ, ಅವರಿಗೂ ಉಪಯೋಗವಾಗಬಹುದು.

ನಾನು ಓದಿದ್ದು ನಾಮಕ್ಕಲ್‌ನಲ್ಲಿ. ಲಾರಿ ವ್ಯವಹಾರ ಗೊತ್ತಿರುವ ನಮ್ಮವರಿಗೆ ಆ ಊರಿನ ಪರಿಚಯ ಮಾಡಿಸಬೇಕಾಗಿಲ್ಲ. ಉಳಿದವರಿಗೆ ಮೊಟ್ಟೆಯ ಊರು ಎಂದರೆ ಸಾಕು. ಅಲ್ಲಿಂದ ಧರ್ಮಪುರಿಗೆ ಬಂದು ಹಿರಿಯ ವೈದ್ಯರೊಬ್ಬರ ಜೊತೆ ಸೇರಿಕೊಂಡೆ. ನಾನು ಅವರನ್ನು ಸರ್ ಎನ್ನುತ್ತೇನೆ, ಇಲ್ಲಿಯೂ ಹಾಗೇ ಇರಲಿ. ಭಾಷೆ ಕಷ್ಟವಾಗಲಿಲ್ಲ. ಬ್ಯಾರಿ ಬಾಸೆ ಬಾಯಲ್ಲಿದ್ದವರಿಗೆ ತಮಿಳು ಅರ್ಧ ಮೊದಲೇ ಬಂದಿರುತ್ತದೆ. ಗಡಿಯ ಕಡೆಯ ಹಳ್ಳಿಗಳಲ್ಲಿ ಕನ್ನಡವೂ ನಡೆಯುತ್ತದೆ. ಹೊಗೆನಕಲ್, ಮಾರಂಡಹಳ್ಳಿ ಎಂಬ ಹೆಸರುಗಳನ್ನೇ ನೋಡಿ.

ಮಾಮನಿಗೆ ಈ ಸೀಮೆ ಪುಸ್ತಕದಿಂದ ಗೊತ್ತು. ಕೆನೆತ್ ಆಂಡರ್ಸನ್ ಬರೆದ ಶಿಕಾರಿಯ ಅನುಭವಗಳನ್ನು ತೇಜಸ್ವಿಯವರು 'ಕಾಡಿನ ಕಥೆಗಳು' ಎಂದು ಕನ್ನಡಕ್ಕೆ ತಂದರಲ್ಲ, ಅದು ಮಾಮನ ಮನೆಯಲ್ಲಿ ಹಾಳೆ ಬಿಡುವಷ್ಟು ಸಲ ಓದಿಸಿಕೊಂಡ ಪುಸ್ತಕ. ಆಂಡರ್ಸನ್ ಅಲೆದಾಡಿದ ಹಳೆಯ ಸೇಲಂ ಜಿಲ್ಲೆ ಆಮೇಲೆ ಒಡೆಯಿತು. 1965ರಲ್ಲಿ ಧರ್ಮಪುರಿ ಬೇರೆಯಾಯಿತು, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ. ಪೆನ್ನಾಗರಂ, ಅಂಚೆಟ್ಟಿ, ಜವಳಗಿರಿ ಎಂದರೆ ಮಾಮನಿಗೆ ಇವತ್ತಿಗೂ ನರಭಕ್ಷಕಗಳ ಊರು. ಆಂಡರ್ಸನ್ ಕೈಯಲ್ಲಿದ್ದ .405 ವಿಂಚೆಸ್ಟರ್ ಬಗ್ಗೆ ಅವರು ತಮ್ಮದೇ ಕೋವಿ ಎಂಬಂತೆ ಮಾತಾಡುತ್ತಾರೆ. ಅವರ ತೋಟದ ಕೋವಿ ಮಾತ್ರ ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಯಲ್ಲಿ ಕೂತಿರುತ್ತದೆ, ಅದು ಬೇರೆ ಮಾತು.

ನನ್ನ ಕೋವಿ ಆ ಜಾತಿಯದಲ್ಲ. ಅದರಲ್ಲಿ ಮದ್ದಿಲ್ಲ, ಗುಂಡಿಲ್ಲ. ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಒತ್ತಡದಿಂದ ಬೆರಳು ದಪ್ಪದ ಒಂದು ಸಿರಿಂಜ್ ಹಾರಿಹೋಗುತ್ತದೆ. ಅದಕ್ಕೆ ಡಾರ್ಟ್ ಎನ್ನುತ್ತಾರೆ. ಮುಂದೆ ಸೂಜಿ, ಹಿಂದೆ ನೇರ ಹಾರಲೆಂದು ಬಣ್ಣದ ಕುಚ್ಚು. ತೊಡೆ, ಪೃಷ್ಠ, ಭುಜ, ಹೀಗೆ ಮಾಂಸ ದಪ್ಪಗಿರುವ ಕಡೆ ಬೀಳಬೇಕು. ಎಲುಬಿಗೆ, ಹೊಟ್ಟೆಗೆ, ಕಣ್ಣಿನ ಹತ್ತಿರ ಬೀಳಬಾರದು. ಇಪ್ಪತ್ತರಿಂದ ನಲವತ್ತು ಮೀಟರ್ ನಮ್ಮ ಕೆಲಸದ ದೂರ. ದೂರವನ್ನು ಅಳೆದು ಅದಕ್ಕೆ ತಕ್ಕಂತೆ ಗ್ಯಾಸಿನ ಒತ್ತಡ ಇಡುತ್ತೇವೆ. ಡಾರ್ಟು ಗುಂಡಿನ ಹಾಗೆ ಸುಂಯ್ ಎಂದು ಹೋಗುವುದಿಲ್ಲ, ಸ್ವಲ್ಪ ಬಾಗಿ, ಸ್ವಲ್ಪ ಸಾವಕಾಶವಾಗಿ ಹೋಗುತ್ತದೆ. ಅಷ್ಟರಲ್ಲಿ ಪ್ರಾಣಿ ಒಂದು ಹೆಜ್ಜೆ ಇಟ್ಟಿರಬಹುದು. ಒಂದು ಹೋರಿಗೆಂದು ತುಂಬಿದ ಔಷಧ ತಪ್ಪಿ ಮನುಷ್ಯನ ಮೈಗೆ ಹೋದರೆ ಜೀವಕ್ಕೇ ಅಪಾಯ. ಆದ್ದರಿಂದ ಕೊಲ್ಲುವ ಕೋವಿಯಲ್ಲ ಎಂದು ಸಡಿಲವಾಗಿ ಹಿಡಿಯುವ ಸಾಮಾನಲ್ಲ ಇದು.

ಈಗ ಆ ಕಪ್ಪು ಕೊಳವೆ. ಅದು ಸನ್‌ಶೇಡ್, ಸ್ಕೋಪಿಗೆ ಕಟ್ಟಿದ ಬಿಸಿಲು ಮರೆ.

ಅರಿವಳಿಕೆ ಕೊಡುವ ಕೆಲಸವನ್ನು ಸಾಧ್ಯವಾದಷ್ಟು ಬೆಳಗಿನ ತಂಪು ಹೊತ್ತಿನಲ್ಲೇ ಮಾಡಬೇಕು. ಔಷಧ ಏರಿದ ಪ್ರಾಣಿಗೆ ತನ್ನ ಮೈ ಬಿಸಿಯನ್ನು ಹತೋಟಿಯಲ್ಲಿಡಲು ಆಗುವುದಿಲ್ಲ. ಮಧ್ಯಾಹ್ನದ ಉರಿಯಲ್ಲಿ ಬಿದ್ದರೆ ಮೈ ಕಾದೇ ಸಾಯಬಹುದು. ಅಂದರೆ ನಮಗೆ ಬೇಕಾದ ಹೊತ್ತು ಎಳೆ ಬಿಸಿಲಿನ ಹೊತ್ತು. ಎಳೆ ಬಿಸಿಲು ಮಗುವಿನ ಮೈಗೆ ಒಳ್ಳೆಯದು ಎನ್ನುತ್ತಾರೆ, ಸ್ಕೋಪಿಗೆ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ಮಂಗಳೂರಿನಿಂದ ಬೆಳಗ್ಗೆ ಹೊರಟು ಶಿರಾಡಿ ಘಾಟಿ ಹತ್ತಿ ಪೂರ್ವಕ್ಕೆ ಕಾರು ಓಡಿಸಿದವರಿಗೆ ಇದು ಗೊತ್ತು. ಒಂದು ತಿರುವಿನಲ್ಲಿ ಸೂರ್ಯ ಎದುರಾದ ಕೂಡಲೇ ಮುಂದಿನ ಗಾಜು ಪೂರಾ ಬೆಳ್ಳಗಾಗುತ್ತದೆ, ಎದುರಿನ ಬಸ್ಸೂ ಕಾಣುವುದಿಲ್ಲ. ಸ್ಕೋಪಿನೊಳಗೂ ಅದೇ. ಓರೆಯಾಗಿ ಬಿದ್ದ ಬಿಸಿಲು ಮುಂದಿನ ಲೆನ್ಸಿನಿಂದ ಒಳಗೆ ನುಗ್ಗಿ, ಗಾಜಿನಿಂದ ಗಾಜಿಗೆ, ಕೊಳವೆಯ ಗೋಡೆಗೆ ಬಡಿದಾಡಿ, ಚಿತ್ರದ ಮೇಲೆ ತೆಳುವಾಗಿ ಹಾಲು ಚೆಲ್ಲಿದ ಹಾಗೆ ಹರಡಿಕೊಳ್ಳುತ್ತದೆ. ಕಪ್ಪು ಬೂದಿಯಾಗುತ್ತದೆ, ಬೂದಿ ಬಿಳಿಯಾಗುತ್ತದೆ. ಮರದ ಕಾಂಡ ಯಾವುದು, ಹೋರಿಯ ಕಾಲು ಯಾವುದು ಎಂದು ಗೊತ್ತಾಗುವುದಿಲ್ಲ.

ಕಣ್ಣಿಗೆ ಬಿಸಿಲು ಹೊಡೆದರೆ ನಾವು ಹಣೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವಲ್ಲ, ಲೆನ್ಸಿನ ಮುಂದೆ ಮೂರು ನಾಲ್ಕು ಇಂಚಿನ ಕೊಳವೆ ಹಾಕುವುದೂ ಅದಕ್ಕೇ. ಒಳಗೆ ಹೊಳಪಿಲ್ಲದ ಕಪ್ಪು ಇರಬೇಕು. ಒಳಮೈ ಮಿನುಗಿದರೆ ಕೊಳವೆಯೇ ಇನ್ನೊಂದು ಕನ್ನಡಿಯಾಗುತ್ತದೆ. ಸಿನಿಮಾದ ಸ್ನೈಪರ್ ಹಾಕುವುದು ಲೆನ್ಸಿನ ಮಿಂಚು ಶತ್ರುವಿಗೆ ಕಾಣಬಾರದೆಂದು. ನನಗೆ ಶತ್ರುಗಳಿಲ್ಲ, ನನಗೆ ಬೇಕಾದದ್ದು ಕಪ್ಪು ಕಪ್ಪಾಗಿಯೇ ಕಾಣುವುದು.

ಇಷ್ಟು ಸರಳವಾದ ವಸ್ತುವಿನ ಮೇಲೆ ಸರ್‌ಗೂ ನನಗೂ ಎರಡು ವರ್ಷದಿಂದ ಜಗಳ.

ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಲೋಹದ ಕೊಳವೆ ಕೋವಿಯ ಉದ್ದಕ್ಕೆ ಉದ್ದ ಸೇರಿಸುತ್ತದೆ. ಇಲ್ಲಿನ ಕಾಡಂಚಿನಲ್ಲಿ ಲಂಟಾನ ಎದೆಮಟ್ಟ ಬೆಳೆದಿರುತ್ತದೆ, ಅದರೊಳಗೆ ನುಸುಳುವಾಗ ಚಾಚಿಕೊಂಡದ್ದೆಲ್ಲ ಸಿಕ್ಕಿಕೊಳ್ಳುತ್ತದೆ. ಒಂದು ಕೊಂಬೆಗೆ ತಾಗಿ 'ಟಣ್' ಎಂದರೆ ಮುಗಿಯಿತು, ಅರ್ಧ ಗಂಟೆ ತೆವಳಿದ್ದು ದಂಡ. ಕೊಳವೆ ಬದಲು ಜೇನುಗೂಡಿನಂಥ ಜಾಲರಿಯೂ ಸಿಗುತ್ತದೆ, ಗಿಡ್ಡ. ಆದರೆ ಅದು ಬೆಳಕನ್ನೂ ಸ್ವಲ್ಪ ನುಂಗುತ್ತದೆ, ಮುಂಜಾನೆ ನಮಗೆ ಬೆಳಕೇ ಸಾಲದು. ಎಲ್ಲಕ್ಕಿಂತ ಅವರ ದೊಡ್ಡ ತಕರಾರು ಇದು: ಕೊಳವೆ ಹಾಕಿದವರು ಸ್ಕೋಪಿನಲ್ಲೇ ನೋಡಲು ಶುರು ಮಾಡುತ್ತಾರೆ. ನೋಡಲು ಇರುವುದು ಕುತ್ತಿಗೆಯಲ್ಲಿ ನೇತಾಡುವ ಬೈನಾಕ್ಯುಲರ್, ಸ್ಕೋಪು ಇರುವುದು ಕೊನೆಯ ಎರಡು ಸೆಕೆಂಡಿಗೆ. ಕೋವಿ ಎತ್ತಿ ಹುಡುಕುವವನು ಏನು ಸಿಕ್ಕಿದರೂ ಅದರ ಮೇಲೆ ಕೋವಿ ಹಿಡಿದೇ ಇರುತ್ತಾನೆ. ಮಲೆನಾಡಿನಲ್ಲಿ ಹಂದಿ ಎಂದುಕೊಂಡು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ನಾವು ಎಷ್ಟು ಸಲ ಓದಿಲ್ಲ! ಮಾಮನ ಊರಿನ ಕಡೆಯಿಂದ ಬಂದ ನಾನು ಈ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ಆದರೂ ನಾನು ಒಪ್ಪಲಿಲ್ಲ. ಕಾರಣ ಒಂದು ಜನವರಿಯ ಬೆಳಗು.

ಪೊಂಗಲ್ ಕಳೆದ ವಾರ. ನಮ್ಮ ಹಾವೇರಿ ಕಡೆಯ ಹೋರಿ ಹಬ್ಬದ ಹಾಗೆ ಈ ಸೀಮೆಯಲ್ಲೂ ಹೋರಿ ಬಿಡುವ ಹಬ್ಬ ನಡೆಯುತ್ತದೆ. ತಮಿಳಿನಲ್ಲಿ ಎರುದು ವಿಡುಂ ವಿಳಾ ಎನ್ನುತ್ತಾರೆ. ಹಾಗೆ ಬಿಟ್ಟ ಹೋರಿಯೊಂದು ಗದ್ದಲಕ್ಕೆ ಬೆದರಿ ಓಡಿ ಮಾವಿನ ತೋಟ ಸೇರಿತ್ತು. ಹಿಂದಿನ ಕಾಲಿಗೆ ತಂತಿ ಸುತ್ತಿ ಗಾಯ. ಎರಡು ದಿನವಾದರೂ ಯಜಮಾನನನ್ನೂ ಹತ್ತಿರ ಸೇರಿಸಲಿಲ್ಲ. ಮೂರು ಕಡೆ ಮನೆಗಳು, ದಾರಿ, ನೋಡಲು ನೆರೆದ ಮಕ್ಕಳು. ಡಾರ್ಟು ತಪ್ಪಿದರೂ ತೊಂದರೆಯಾಗದ ಖಾಲಿ ಹೊಲ ಇದ್ದದ್ದು ಪೂರ್ವಕ್ಕೆ ಮಾತ್ರ. ಹಾಗಾಗಿ ನಾವು ಪಶ್ಚಿಮದಲ್ಲಿ ನಿಂತು ಸೂರ್ಯನ ಕಡೆಗೇ ಹೊಡೆಯಬೇಕು. ಬೇರೆ ದಾರಿ ಇರಲಿಲ್ಲ.

ಎಂಟೂಕಾಲು ಗಂಟೆ. ಬೈನಾಕ್ಯುಲರ್‌ನಲ್ಲಿ ಹೊಲವನ್ನು ಈ ತುದಿಯಿಂದ ಆ ತುದಿಗೆ ನೋಡಿದೆ, ಯಾರೂ ಇಲ್ಲ. ಕೋವಿ ಎತ್ತಿದೆ. ಆ ದಿನ ಕೊಳವೆ ಹಾಕಿದ್ದೆ. ಹೋರಿಯ ಬೆನ್ನು, ತೊಡೆ, ಅದರಾಚೆ ಹೊಲದ ಬದು, ಬದುವಿನ ಮೇಲೆ ಒಣಗಿದ ತೊಗರಿ ಗಿಡ, ಎಲ್ಲ ಗೆರೆ ಕೊರೆದ ಹಾಗೆ. ಆ ಗೆರೆಗಳ ನಡುವೆ ಒಂದು ಹಳದಿ ಅಲ್ಲಾಡಿತು. ಬೆರಳು ಇನ್ನೂ ಟ್ರಿಗರ್‌ಗೆ ಹೋಗಿರಲಿಲ್ಲ. ಕೋವಿ ಇಳಿಸಿದೆ. ಬದುವಿನ ಆಚೆ ಬದಿಯಿಂದ ಒಬ್ಬಳು ಮುದುಕಿ ಹತ್ತಿ ಬಂದು, ಸೀರೆ ಎತ್ತಿ ಕಟ್ಟಿ, ಬಗ್ಗಿ ಸೌದೆ ಆರಿಸುತ್ತಿದ್ದಳು. ಬೈನಾಕ್ಯುಲರ್ ಇಳಿಸಿ ಕೋವಿ ಎತ್ತಿದ ಅಷ್ಟೇ ಹೊತ್ತಿನಲ್ಲಿ ಬಂದವಳು. ಸಹಾಯಕ ಓಡಿಹೋಗಿ ಅವಳನ್ನು ಕರೆದುಕೊಂಡು ಬಂದ. ಅವಳು ನಮ್ಮನ್ನೇ ಬೈದಳು, ಹೊಲ ಅವಳದ್ದೇ ಅಂತೆ. ಹದಿನೈದು ನಿಮಿಷದ ಮೇಲೆ ಹೋರಿ ಮಲಗಿತು, ತಂತಿ ಬಿಚ್ಚಿ ಗಾಯ ಕಟ್ಟಿದೆವು.

ಸಂಜೆ ಸರ್ ಬರಿಗೈಲಿ ಕೂತು ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಒಳ್ಳೆಯದು, ಆದರೆ ಏಳು ಗಂಟೆಗೆ ಹೋಗಿದ್ದರೆ ಇದು ನಿನಗೆ ಮುದುಕಿಯನ್ನು ತೋರಿಸುತ್ತಿರಲಿಲ್ಲ" ಎಂದರು. ನನಗೆ ಅರ್ಥವಾಗಲಿಲ್ಲ. "ಲೆಕ್ಕ ಹಾಕು" ಎಂದರು.

ಹಾಕಿದೆ. ನಮ್ಮ ಸ್ಕೋಪಿನ ಮುಂದಿನ ಲೆನ್ಸಿನ ಅಗಲ 32 ಮಿಲಿಮೀಟರ್, ಕೊಳವೆಯ ಉದ್ದ 75. ಶಾಲೆಯ ತ್ರಿಕೋನಮಿತಿಯಲ್ಲೇ ಉತ್ತರ ಇದೆ: ಗುರಿಯ ಗೆರೆಗೂ ಸೂರ್ಯನಿಗೂ ನಡುವೆ ಸುಮಾರು 23 ಡಿಗ್ರಿಗಿಂತ ಹೆಚ್ಚು ಅಂತರ ಇದ್ದರೆ ಲೆನ್ಸಿಗೆ ಒಂದು ಹನಿ ಬಿಸಿಲೂ ಬೀಳುವುದಿಲ್ಲ. ಅದಕ್ಕಿಂತ ಹತ್ತಿರ ಬಂದರೆ ಲೆನ್ಸಿನ ಒಂದು ಅಂಚಿಗೆ, ಆಮೇಲೆ ಅರ್ಧಕ್ಕೆ, ಆಮೇಲೆ ಪೂರ್ತಿಗೆ. ಕೊಳವೆಯನ್ನು 100 ಮಿಲಿಮೀಟರಿಗೆ ಉದ್ದ ಮಾಡಿದರೂ 18 ಡಿಗ್ರಿಗೆ ಇಳಿಯುತ್ತದೆ ಅಷ್ಟೆ. ಸೂರ್ಯ ಗಂಟೆಗೆ 15 ಡಿಗ್ರಿ ಸಾಗುತ್ತಾನೆ. ಅಂದರೆ ಸೂರ್ಯ ಹುಟ್ಟಿದ ದಿಕ್ಕಿಗೇ ನೇರವಾಗಿ ಹೊಡೆಯಬೇಕಾದರೆ ಮೊದಲ ಒಂದೂವರೆ ಗಂಟೆ ಸನ್‌ಶೇಡ್ ಪೂರ್ತಿ ಕೆಲಸ ಮಾಡುವುದಿಲ್ಲ. ಜನವರಿಯಲ್ಲಿ ಇಲ್ಲಿ ಸೂರ್ಯೋದಯ ಏಳಕ್ಕೆ ಸ್ವಲ್ಪ ಮೊದಲು. ಎಂಟೂಕಾಲಿಗೆ ಕೊಳವೆ ಆಗಷ್ಟೇ ಕೆಲಸಕ್ಕೆ ಬಂದಿತ್ತು.

ಕಾಡಿನಲ್ಲಿ ತ್ರಿಕೋನಮಿತಿ ಮಾಡಲಿಕ್ಕಾಗುವುದಿಲ್ಲ. ಸರ್ ಅದಕ್ಕೂ ಅಳತೆ ಕೊಟ್ಟರು. ತೋಳು ಪೂರ್ತಿ ಚಾಚಿ ಕೈಬೆರಳು ಅಗಲಿಸಿದರೆ ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ, ಅಂದರೆ ಒಂದು ಗೇಣಿಗೆ, ಆಕಾಶದಲ್ಲಿ ಇಪ್ಪತ್ತು ಡಿಗ್ರಿಯ ಮೇಲೆ ಚೂರು. ಸೂರ್ಯನನ್ನು ನೇರ ನೋಡದೆ, ಅಂಗೈಯಿಂದ ಮರೆ ಮಾಡಿ, ಗುರಿಯಿಂದ ಸೂರ್ಯನವರೆಗೆ ಗೇಣು ಹಾಕುವುದು. ಒಂದು ಗೇಣಿಗಿಂತ ಹೆಚ್ಚಿದ್ದರೆ ಕೊಳವೆ ಹಾಕಿ ಹೊಡೆಯಬಹುದು. ಗೇಣಿಗಿಂತ ಕಡಿಮೆ ಇದ್ದರೆ ಯಾವ ಕೊಳವೆಯನ್ನೂ ನಂಬಬಾರದು: ಜಾಗ ಬದಲಿಸಬೇಕು, ಇಲ್ಲ ಕಾಯಬೇಕು. ಇನ್ನೂ ಕಡಿಮೆ ಇದ್ದರೆ ಸ್ಕೋಪಿಗೆ ಕಣ್ಣು ಇಡುವುದೇ ಬೇಡ. ಸೂರ್ಯ ಅದರೊಳಗೆ ಸಿಕ್ಕಿದರೆ ಕಣ್ಣೇ ಹೋಗುತ್ತದೆ. ಉಮ್ಮ ಮಲ್ಲಿಗೆಯನ್ನು ಅಳೆಯುವ ಗೇಣೇ ನನಗೂ ಸಾಕಾಯಿತು.

ಹೋರಿಯಾದರೆ ಹೀಗೆ ಮುಗಿಯಿತು. ಆನೆಯಾದರೆ ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಆನೆಗೆ ಕಣ್ಣಿಗಿಂತ ಮೂಗು ಚುರುಕು. ಗಾಳಿ ಆನೆಯಿಂದ ನಮ್ಮ ಕಡೆ ಬರುತ್ತಿರಬೇಕು, ನಮ್ಮಿಂದ ಆನೆಯ ಕಡೆ ಹೋಗಬಾರದು. ರಾಗಿ ತೆನೆ ತುಂಬುವ ಕಾಲದಿಂದ ಫೆಬ್ರವರಿಯ ತನಕ, ಆನೆಗಳು ಹೊಲಕ್ಕಿಳಿಯುವ ತಿಂಗಳುಗಳಲ್ಲಿ, ಇಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ಈಶಾನ್ಯದಿಂದ, ಪೂರ್ವದಿಂದ. ಹಾಗಾದರೆ ನಾವು ನಿಲ್ಲಬೇಕಾದದ್ದು ಆನೆಯ ಪಶ್ಚಿಮಕ್ಕೆ, ಮುಖ ಪೂರ್ವಕ್ಕೆ. ತಂಪು ಹೊತ್ತು ಬೇಕೆಂದರೆ ಅದು ಬೆಳಗ್ಗೆ. ಅಂದರೆ ಗಾಳಿ, ಔಷಧ ಎರಡೂ ಸೇರಿ ನಮ್ಮನ್ನು ಸೂರ್ಯನ ಎದುರಿಗೇ ನಿಲ್ಲಿಸುತ್ತವೆ. ಬೇರೆ ಕಡೆಯ ಬೇಟೆಯ ಪುಸ್ತಕಗಳು ಸೂರ್ಯನನ್ನು ಬೆನ್ನಿಗೆ ಹಾಕಿಕೊಳ್ಳಿ ಎನ್ನುತ್ತವೆ. ಧರ್ಮಪುರಿಯ ಆನೆ ಆ ಪುಸ್ತಕ ಓದಿಲ್ಲ.

ಆನೆಗೆ ಅರಿವಳಿಕೆ ಕೊಡುವುದು ನಮ್ಮಂಥವರ ಇಷ್ಟದ ವಿಷಯವಲ್ಲ. 1972ರ ವನ್ಯಜೀವಿ ಕಾಯ್ದೆಯಂತೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು, ಅರಣ್ಯ ಇಲಾಖೆಯ ವೈದ್ಯರೇ ಮುಂದೆ ಇರುತ್ತಾರೆ. 2023ರ ಫೆಬ್ರವರಿಯಲ್ಲಿ ಪಾಲಕ್ಕೋಡಿನ ಕಡೆ ಹೊಲಗಳಲ್ಲಿ ತಿರುಗುತ್ತಿದ್ದ ಒಂದು ಮಖ್ನಾ ಆನೆಯನ್ನು, ಎಂದರೆ ದಂತವಿಲ್ಲದ ಗಂಡಾನೆಯನ್ನು, ಹಾಗೆ ಹಿಡಿದು ಆನೆಮಲೆಗೆ ಸಾಗಿಸಿದರು. ನಾನು ಅಲ್ಲಿರಲಿಲ್ಲ. ಮರು ತಿಂಗಳು ಮಾರಂಡಹಳ್ಳಿಯ ಹತ್ತಿರ ಹೊಲದ ಅಕ್ರಮ ವಿದ್ಯುತ್ ಬೇಲಿಗೆ ತಾಗಿ ಮೂರು ಆನೆಗಳು ಒಂದೇ ರಾತ್ರಿ ಸತ್ತವು, ಎರಡು ಮರಿಗಳು ತಾಯಿಯಿಲ್ಲದೆ ಉಳಿದವು. ಎಷ್ಟೋ ಸಲ ಡಾರ್ಟು ಬೇಡ ಎಂದರೆ ಉಳಿಯುವ ದಾರಿ ಆ ತಂತಿ ಎಂಬುದು ಇಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತು.

ಉಮ್ಮನ ಹೆದರಿಕೆಗೂ ಕಾರಣ ಇದೆ. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆಗಾಗಿ ಅರಿವಳಿಕೆ ಕೊಡಲು ಹೋಗಿದ್ದ 'ಆನೆ ವೆಂಕಟೇಶ್' ಅದೇ ಆನೆಯ ದಾಳಿಗೆ ಸಿಕ್ಕಿ ತೀರಿಕೊಂಡರು. ಎಷ್ಟೋ ಆನೆಗಳಿಗೆ ಡಾರ್ಟು ಹೊಡೆದ ಕೈ ಅದು. ಆ ಸಂಜೆ ಉಮ್ಮ ಮೂರು ಸಲ ಫೋನ್ ಮಾಡಿದರು, ಬಾಪ ಒಂದು ಸಲ. ಬಾಪ ಸಾಮಾನ್ಯವಾಗಿ ಫೋನ್ ಮಾಡುವವರಲ್ಲ. ಕೊಳವೆ ಇದ್ದರೆ ಆನೆ ತಿರುಗಿ ಬರುವುದಿಲ್ಲ ಎಂದು ನಾನು ಅವರಿಗೆ ಹೇಳಲಿಲ್ಲ, ಅದು ಸುಳ್ಳು. ಇಪ್ಪತ್ತೈದು ಮೀಟರಿನಲ್ಲಿ ತಿರುಗಿದ ಆನೆಗೆ ಸ್ಕೋಪಿನಿಂದ ಏನೂ ಆಗಬೇಕಾಗಿಲ್ಲ. ಆಗ ಬೇಕಾದದ್ದು ಓಡಲು ಮೊದಲೇ ನೋಡಿಟ್ಟ ದಾರಿ, ಪಕ್ಕದಲ್ಲಿ ಪಳಗಿದ ಆನೆ, ಹಿಂದೆ ಗಲಾಟೆ ಮಾಡದ ಜನ. ಕೊಳವೆಯಿಂದ ಆಗುವ ಉಪಕಾರ ಬೇರೆ: ಡಾರ್ಟು ಸರಿಯಾದ ಜಾಗಕ್ಕೆ ಮೊದಲ ಸಲವೇ ಬಿದ್ದರೆ ಎರಡನೇ ಸಲ ಹತ್ತಿರ ಹೋಗುವ ಪ್ರಸಂಗ ಬರುವುದಿಲ್ಲ. ಅಷ್ಟನ್ನು ಬಾಪನಿಗೆ ಹೇಳಿದೆ. "ಸರಿ, ಊಟ ಮಾಡು" ಎಂದು ಫೋನ್ ಇಟ್ಟರು.

ಲಂಟಾನದ ತಕರಾರಿಗೆ ಪರಿಹಾರ ಸಿಕ್ಕಿದ್ದು ಪಂಚರ್ ಅಂಗಡಿಯಲ್ಲಿ. ಹಳೆಯ ಸೈಕಲ್ ಟ್ಯೂಬಿನ ತುಂಡು ಸ್ಕೋಪಿನ ಮೂತಿಗೆ ಬಿಗಿಯಾಗಿ ಕೂರುತ್ತದೆ. ಒಂದರ ಮೇಲೊಂದು ಎರಡು ಪದರ ಹಾಕಿದರೆ ಜೋತುಬೀಳುವುದಿಲ್ಲ. ಒಳಗಿನ ಬಿಳಿ ಪುಡಿಯನ್ನು ಸೋಪಿನಲ್ಲಿ ಉಜ್ಜಿ ತೆಗೆಯಬೇಕು. ಕೊಂಬೆಗೆ ತಾಗಿದರೆ ಬಾಗುತ್ತದೆ, ಸದ್ದು ಮಾಡುವುದಿಲ್ಲ. ಲೋಹದ್ದನ್ನು ನಾನು ಪೆಟ್ಟಿಗೆಗೆ ಹಾಕಿದೆ. ಫೋಟೋದಲ್ಲಿ ಮಾಮ ನೋಡಿದ ಸೈಲೆನ್ಸರ್ ಇದೇ ಟ್ಯೂಬು. ಮಾಮ ಆಮೇಲೆ ಒಂದು ವಿಷಯ ಹೇಳಿದರು: ಅವರ ಬಾಪನ ಕಾಲದಲ್ಲಿ ಕೋವಿಯ ತುದಿಯ ಗುರಿಮಣಿ ಬಿಸಿಲಿಗೆ ಮಿನುಗದಿರಲಿ ಎಂದು ಚಿಮಣಿ ದೀಪದ ಮಸಿ ಹಚ್ಚುತ್ತಿದ್ದರಂತೆ. ಎರಡೂ ಒಂದೇ ಯೋಚನೆ.

ಈಗ ಜೂನ್. ಗಾಳಿ ತಿರುಗಿದೆ, ನೈಋತ್ಯದಿಂದ ಬೀಸುತ್ತಿದೆ. ಗಾಳಿಯ ಲೆಕ್ಕದಲ್ಲಿ ಈಗ ನಾವು ಪ್ರಾಣಿಯ ಈಶಾನ್ಯಕ್ಕೆ ನಿಲ್ಲಬೇಕು, ಬೆಳಗಿನ ಸೂರ್ಯ ಬೆನ್ನ ಹಿಂದೆ. ಮುಂದಿನ ಲೆನ್ಸಿಗೆ ಬಿಸಿಲೇ ಬೀಳುವುದಿಲ್ಲ, ಕೊಳವೆಗೆ ಕೆಲಸವಿಲ್ಲ. ಬಿಸಿಲು ಬೀಳುವುದು ಕಣ್ಣಿಡುವ ಕಡೆಯ ಗಾಜಿನ ಮೇಲೆ. ಆಗ ಸ್ಕೋಪಿನೊಳಗೆ ಗುರಿಯ ಮೇಲೆ ನಮ್ಮದೇ ಕಣ್ಣು, ರೆಪ್ಪೆ ತೇಲುತ್ತಾ ಕಾಣುತ್ತವೆ. ಇದಕ್ಕೆ ಅಂಗಡಿಯಲ್ಲಿ ಸಿಗುವ ಸನ್‌ಶೇಡ್‌ನಿಂದ ಪ್ರಯೋಜನವಿಲ್ಲ. ಸರ್ ಅಗಲ ಅಂಚಿನ ಟೋಪಿಯನ್ನು ಪಕ್ಕಕ್ಕೆ ಎಳೆದು ಹೇಗೋ ಸುಧಾರಿಸುತ್ತಾರೆ, ಅದು ಕೋವಿಯ ಹಿಂಭಾಗಕ್ಕೆ ತಾಗಿ ಬೀಳುತ್ತಿರುತ್ತದೆ. ನಾನು ತಲೆಯ ಶಾಲಿನ ಅಂಚನ್ನು ಕೆನ್ನೆಯ ಪಕ್ಕದಿಂದ ಒಂದು ಬೆರಳು ಮುಂದಕ್ಕೆ ಎಳೆದು ಸ್ಕೋಪಿನ ಮೇಲೆ ಬಿಡುತ್ತೇನೆ, ಒಳಗೆ ಕತ್ತಲೆ, ಆಚೆ ಎಲ್ಲ ಸ್ಪಷ್ಟ. ಕಪ್ಪು ಹತ್ತಿಯ ಶಾಲು ಒಳ್ಳೆಯದು, ಹೊಳೆಯುವ ಬಟ್ಟೆ ಬೇಡ. ಮುಂದಿನ ಸಲ ಊರಿನಿಂದ ಯಾರಾದರೂ ಈ ಕಡೆ ಬರುವಾಗ ಅಂಥದ್ದು ಎರಡು ಕಳಿಸಿಕೊಡಲು ಉಮ್ಮನಿಗೆ ಹೇಳಿದ್ದೇನೆ.